ಖಾಲಿ ಬಡಾವಣೆಯಲ್ಲಿ ಗಿರಿಜತ್ತೆಯ ಕಾರು

ಕಳೆದ ತಿಂಗಳು ಆಗುಂಬೆ ಘಾಟಿ ಇಳಿಯುವಾಗ ನಮ್ಮ ಮುಂದೆ ಒಂದು ಲಾರಿ ಹೋಗುತ್ತಿತ್ತು. ತಿರುವು ಬಂದಾಗಲೆಲ್ಲ ಬ್ರೇಕು ಒತ್ತಿ ಒತ್ತಿ ಅದರ ಚಕ್ರಗಳಿಂದ ಸುಟ್ಟ ವಾಸನೆ ಏಳುತ್ತಿತ್ತು. "ಕಿಟಕಿ ಏರಿಸು, ತಲೆನೋವು ಬರುತ್ತೆ" ಎಂದರು ನನ್ನ ಯಜಮಾನರು. ನಾನು ಏರಿಸಲಿಲ್ಲ. ಆ ವಾಸನೆ ನನಗೆ ಇಷ್ಟ ಎಂದು ಇಷ್ಟು ವರ್ಷ ಸಂಸಾರ ಮಾಡಿಯೂ ಅವರಿಗೆ ಹೇಳಿರಲಿಲ್ಲ. ಹೇಳಬೇಕಾದರೆ ಒಂದಿಡೀ ಬೇಸಿಗೆಯ ಕಥೆ ಹೇಳಬೇಕು, ಗಿರಿಜತ್ತೆಯ ಕಥೆ ಹೇಳಬೇಕು.

ಗಿರಿಜತ್ತೆ ನಮ್ಮ ಅಪ್ಪನ ತಂಗಿ. ಶಿವಮೊಗ್ಗದ ವಿನೋಬನಗರದಲ್ಲಿ ಹೆರಿಗೆ ಡಾಕ್ಟರು. ಕೆಳಗೆ ನರ್ಸಿಂಗ್ ಹೋಮು, ಮೇಲೆ ಮನೆ. ಮದುವೆ ಮಾಡಿಕೊಂಡಿರಲಿಲ್ಲ. ಅದರ ಬಗ್ಗೆ ನಮ್ಮ ನೆಂಟರಿಷ್ಟರು ಮಾತಾಡಿ ಮಾತಾಡಿ ಸುಸ್ತಾಗಿ ಬಿಟ್ಟ ಮೇಲೆ ಆಕೆ ಮಾತಾಡಲು ಹೊಸದೊಂದು ವಿಷಯ ಕೊಟ್ಟರು. ಚಿಕ್ಕಮಗಳೂರಿನ ಕಡೆಯ ಒಬ್ಬ ಕಾಫಿ ಪ್ಲಾಂಟರಿಂದ ಎರಡೇ ಸೀಟಿನ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ತಂದರು. ಆ ಪ್ಲಾಂಟರಿಗೆ ಮಂಡಿನೋವು ಬಂದು, ಅಷ್ಟು ತಗ್ಗಿನ ಕಾರಿನೊಳಗೆ ಕೂರುವುದು ಹೇಗೋ ಆದರೂ ಏಳುವುದಕ್ಕೆ ಇಬ್ಬರು ಬೇಕಾಗುತ್ತಿತ್ತಂತೆ. ಅದಕ್ಕೇ ಮಾರಿದ್ದು. ಅತ್ತೆಗೆ ಆಗ ಐವತ್ತಕ್ಕೆ ಹತ್ತಿರ. ಮಂಡಿ ಗಟ್ಟಿಯಾಗಿತ್ತು.

ಕಾರಿನ ಬಣ್ಣ ಅರಿಶಿನದ್ದು. ಮೇಲೆ ಮಡಚಿಡುವ ಕ್ಯಾನ್ವಾಸಿನ ಹೊದಿಕೆ. ನಮ್ಮಪ್ಪನದು ದುರ್ಗಿಗುಡಿಯಲ್ಲಿ ಬಟ್ಟೆ ಅಂಗಡಿ. ಅತ್ತೆ ಮೊದಲ ದಿನವೇ ಅದನ್ನು ತಂದು ಅಂಗಡಿಯ ಮುಂದೆ ನಿಲ್ಲಿಸಿದಾಗ ಅಪ್ಪ ಗಲ್ಲಾ ಬಿಟ್ಟು ಎದ್ದು ಬಂದು ಒಂದು ಸುತ್ತು ಹಾಕಿ ನೋಡಿದರು.

"ಇದ್ರಲ್ಲಿ ಹಿಂದೆ ಯಾರು ಕೂರ್ತಾರೆ?"

"ಯಾರೂ ಕೂರಲ್ಲ ಅಣ್ಣ. ಹಿಂದೆ ಸೀಟೇ ಇಲ್ಲ."

"ಮತ್ತೆ ತಗೊಂಡಿದ್ದು ಯಾಕೆ?"

ಅತ್ತೆ ಸ್ವಲ್ಪ ಯೋಚಿಸಿ, "ಓಡಿಸೋಕೆ" ಎಂದರು.

ಇದು ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾನು ಶಂಕರಘಟ್ಟದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಾ ಅತ್ತೆಯ ಮನೆಯಲ್ಲಿದ್ದೆ. ಅತ್ತೆಗೆ ಜೊತೆ ಬೇಕಿತ್ತು, ನನಗೆ ಅಮ್ಮನ ವರಾನ್ವೇಷಣೆಯಿಂದ ಸ್ವಲ್ಪ ದೂರ ಬೇಕಿತ್ತು. ಹಾಗಾಗಿ ಆ ಕಾರಿನ ಎಡಗಡೆಯ ಸೀಟು ಆ ಬೇಸಿಗೆ ಪೂರ್ತಿ ನನ್ನದಾಯಿತು.

ನಿಜ ಹೇಳಬೇಕೆಂದರೆ ಊರೊಳಗೆ ಆ ಕಾರು ಒಂದು ಶಿಕ್ಷೆ. ಸ್ಟೀರಿಂಗು ನಿಧಾನದಲ್ಲಿ ಕಲ್ಲಿನಷ್ಟು ಭಾರ. ದುರ್ಗಿಗುಡಿಯ ಓಣಿಯಲ್ಲಿ ತಿರುಗಿಸಬೇಕಾದರೆ ಅತ್ತೆಯ ಕತ್ತಿನ ನರ ಎದ್ದು ಕಾಣುತ್ತಿತ್ತು. ರಸ್ತೆ ಉಬ್ಬು ಬಂದರೆ ಕಾರಿನ ಹೊಟ್ಟೆ ತರಚುವ ಸದ್ದು. ರಸ್ತೆಯಲ್ಲಿ ಒಂದು ಬೆಳ್ಳುಳ್ಳಿ ಸಿಪ್ಪೆ ಬಿದ್ದಿದ್ದರೂ ಬೆನ್ನಿಗೆ ಗೊತ್ತಾಗುತ್ತದೆ ಎಂದು ನಾನು ತಮಾಷೆ ಮಾಡುತ್ತಿದ್ದೆ. ಲಾರಿ ಚಕ್ರ ಹೂತು ಟಾರು ಗೀರಾದ ಕಡೆ ಕಾರು ತಾನಾಗಿಯೇ ಆ ಗೀರಿನ ಹಿಂದೆ ಹೋಗುತ್ತಿತ್ತು. ಅತ್ತೆ ಎಳೆದು ತರಬೇಕಿತ್ತು. ಅವರ ಬಳಿ ದಿನನಿತ್ಯಕ್ಕೆ ಒಂದು ಬಿಳಿಯ ಸಾದಾ ಕಾರೂ ಇತ್ತು. ಅದೇ ರಸ್ತೆಯಲ್ಲಿ ಅದು ಎಣ್ಣೆ ಹಚ್ಚಿದ ಹಾಗೆ ಹೋಗುತ್ತಿತ್ತು.

"ದುಡ್ಡು ಕೊಟ್ಟು ನೋವು ತಂದ್ಕೊಂಡ್ರಾ ಅತ್ತೆ?" ಎಂದು ಕೇಳಿದೆ ಒಂದು ದಿನ.

"ಏನೋ ತಪ್ಪಾಗಿದೆ ಕಣೆ" ಎಂದರು. "ಇಷ್ಟು ಚೆನ್ನಾಗಿ ಮಾಡಿರೋ ವಸ್ತು ಇಷ್ಟು ಕೆಟ್ಟದಾಗಿ ನಡ್ಕೊಳ್ಳೋಕೆ ಸಾಧ್ಯ ಇಲ್ಲ. ನಮಗೆ ಗೊತ್ತಾಗ್ತಿಲ್ಲ ಅಷ್ಟೇ."

ಗೊತ್ತು ಮಾಡಿಕೊಳ್ಳಲು ಅವರು ಭದ್ರಾವತಿಯ ಗ್ಯಾರೇಜಿನ ಸೆಲ್ವಂ ಬಳಿ ಹೋದರು. ಅತ್ತೆ ಪ್ರತಿ ಬುಧವಾರ ಭದ್ರಾವತಿಯ ಒಂದು ನರ್ಸಿಂಗ್ ಹೋಮಿಗೆ ರೋಗಿಗಳನ್ನು ನೋಡಲು ಹೋಗುತ್ತಿದ್ದರು. ಸೆಲ್ವಂ ಅವರ ಇಬ್ಬರು ಮಕ್ಕಳ ಹೆರಿಗೆ ಮಾಡಿಸಿದ್ದು ಅತ್ತೆಯೇ. ಸೆಲ್ವಂ ತಂದೆ ಕಾರ್ಖಾನೆಯ ಕೆಲಸಕ್ಕೆಂದು ಸೇಲಂ ಕಡೆಯಿಂದ ಬಂದವರು. ಮಗ ದೊಡ್ಡ ಗ್ಯಾರೇಜು ಇಟ್ಟು, ವಯಸ್ಸಿನಲ್ಲಿ ರ‍್ಯಾಲಿಗಳಲ್ಲಿ ಕಾರು ಓಡಿಸಿ, ಒಂದು ಸಲ ಭುಜ ಮುರಿದುಕೊಂಡು ಬಿಟ್ಟವರು. ಮಾತು ಜಾಸ್ತಿ, ಅರ್ಧಕ್ಕರ್ಧ ಉತ್ಪ್ರೇಕ್ಷೆ.

ಅವರು ಕಾರನ್ನು ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ಬಂದು ಕೀಲಿ ವಾಪಸು ಕೊಟ್ಟರು. "ಕಾರಲ್ಲಿ ತಪ್ಪೇನಿಲ್ಲ ಡಾಕ್ಟ್ರಮ್ಮ. ನೀವು ಇದಕ್ಕೆ ನಡಿಯೋಕೆ ಹೇಳ್ತಿದೀರ. ಇದು ಓಡೋಕೆ ಹುಟ್ಟಿರೋದು. ಭಾನುವಾರ ಬೆಳಿಗ್ಗೆ ನಮ್ಮ ಟ್ರ್ಯಾಕಿಗೆ ಬನ್ನಿ."

ಟ್ರ್ಯಾಕು ಎಂದರೆ ಟ್ರ್ಯಾಕಲ್ಲ. ಶಿವಮೊಗ್ಗ–ಭದ್ರಾವತಿ ನಡುವೆ ಹೆದ್ದಾರಿಯಿಂದ ಸ್ವಲ್ಪ ಒಳಗೆ ಯಾರೋ ಬಡಾವಣೆ ಮಾಡಲು ಹೊರಟು, ಟಾರು ರಸ್ತೆ ಹಾಕಿ, ಸೈಟಿನ ಕಲ್ಲು ನೆಟ್ಟು, ಅಲ್ಲಿಗೇ ನಿಲ್ಲಿಸಿದ್ದರು. ಒಂದು ಮನೆಯೂ ಎದ್ದಿರಲಿಲ್ಲ. ಸೆಲ್ವಂ ಮತ್ತು ಅವರ ಹತ್ತಾರು ಗೆಳೆಯರು ಮಾಲೀಕರ ಒಪ್ಪಿಗೆ ಪಡೆದು, ಅಂಚಿನ ಕಲ್ಲುಗಳನ್ನು ಕೀಳಿಸಿ, ತಿರುವುಗಳಲ್ಲಿ ಹಳೆಯ ಲಾರಿ ಟೈರುಗಳನ್ನು ಪೇರಿಸಿ, ಎರಡೂ ಕಡೆ ಹಗ್ಗ ಕಟ್ಟಿ, ಭಾನುವಾರ ಬೆಳಿಗ್ಗೆ ಅಲ್ಲಿ ಕಾರು ಓಡಿಸುತ್ತಿದ್ದರು. ಒಂದು ಸಲಕ್ಕೆ ಒಂದೇ ಕಾರು. ಉಳಿದವರು ಹೊಂಗೆ ಮರದ ಕೆಳಗೆ ಕೂತು ಪಡ್ಡು ತಿನ್ನುತ್ತಾ ನೋಡುವುದು.

ಆ ಮೊದಲ ಭಾನುವಾರ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಸೆಲ್ವಂ ಪಕ್ಕದಲ್ಲಿ ಕೂತು ದಾರಿ ತೋರಿಸಿದರು, ಅತ್ತೆ ಓಡಿಸಿದರು. ಮೊದಲೆರಡು ಸುತ್ತು ಊರಲ್ಲಿ ಓಡಿಸಿದ ಹಾಗೇ. ಆಮೇಲೆ ವೇಗ ಏರಿತು. ಒಂದು ತಿರುವಿಗೆ ಜೋರಾಗಿ ನುಗ್ಗಿದಾಗ ಅತ್ತೆ ಸ್ಟೀರಿಂಗು ತಿರುಗಿಸಿದರೂ ಕಾರು ತಿರುಗದೆ ನೇರ ಟೈರಿನ ರಾಶಿಯ ಕಡೆಗೇ ಜಾರಿತು. ಒಂದೆರಡು ಅಡಿ ಉಳಿಸಿಕೊಂಡು ನಿಂತಿತು. ನನ್ನ ಕೈಯಲ್ಲಿದ್ದ ಪಡ್ಡು ಹಾಗೇ ನಿಂತಿತು. ಅತ್ತೆ ಇಳಿದು ಬಂದು ಕೇಳಿದ್ದು ಒಂದೇ ಪ್ರಶ್ನೆ.

"ನಾನು ತಿರುಗಿಸ್ದೆ. ಅದು ಯಾಕೆ ತಿರುಗಲಿಲ್ಲ?"

"ಬ್ರೇಕ್ ಒತ್ಕೊಂಡೇ ತಿರುಗಿಸಿದ್ರಿ ಅಮ್ಮಾ. ಟೈರಿಗೆ ಇರೋ ಶಕ್ತಿ ಎಲ್ಲಾ ನಿಲ್ಸೋದಕ್ಕೇ ಖರ್ಚಾಗೋಯ್ತು. ತಿರುಗೋಕೆ ಏನೂ ಉಳೀಲಿಲ್ಲ. ಮೊದ್ಲು ನೇರ ಇರುವಾಗ್ಲೇ ಬ್ರೇಕು. ಬಿಟ್ಟ ಮೇಲೆ ತಿರುವು. ಆಚೆ ಕಡೆ ರಸ್ತೆ ಕಂಡ ಮೇಲೆ ಆಕ್ಸಿಲರೇಟರು."

ಅತ್ತೆ ತಲೆಯಾಡಿಸಿದರು. "ಹೊಟ್ಟೆ ತುಂಬ ಉಂಡ ಮೇಲೆ ತಲೆ ಓಡಲ್ವಲ್ಲ, ಹಾಗೆ. ರಕ್ತ ಎಲ್ಲಾ ಹೊಟ್ಟೆ ಕಡೆ ಹೋಗಿರುತ್ತೆ."

ನಾನು ಎಂ.ಎಸ್ಸಿ.ಯಲ್ಲಿ ಘರ್ಷಣೆಯ ಬಗ್ಗೆ ಪುಟಗಟ್ಟಲೆ ಬರೆದವಳು. ಬಲವೊಂದನ್ನು ಎರಡು ದಿಕ್ಕಿಗೆ ಹಂಚುವ ಲೆಕ್ಕ ನನಗೆ ಬಾಯಿಪಾಠ. ಆದರೆ ಅದಾದ ಮೇಲೆ ಅತ್ತೆಯ ಪಕ್ಕ ಕೂತು ಸುತ್ತು ಹೊಡೆದಾಗಲೇ ಆ ಲೆಕ್ಕ ಮೈಗೆ ಬಂದಿದ್ದು. ಬ್ರೇಕು ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬಂದು ಪಾದದಲ್ಲಿ ಕೂರುತ್ತಿತ್ತು. ತಿರುವಿನಲ್ಲಿ ಅದು ನಿಧಾನಕ್ಕೆ ಪಕ್ಕೆಗೆ ಸರಿದು ಬಾಗಿಲಿಗೆ ಒರಗುತ್ತಿತ್ತು. ಆಚೆ ಹೊರಬೀಳುವಾಗ ಬೆನ್ನಿಗೆ ಬರುತ್ತಿತ್ತು. ಊರಲ್ಲಿ ಕಲ್ಲಿನ ಹಾಗಿದ್ದ ಸ್ಟೀರಿಂಗು ಇಲ್ಲಿ ಹಗುರ. ಬೆನ್ನು ಮುರಿಯುತ್ತಿದ್ದ ಬಿಗಿ ಸ್ಪ್ರಿಂಗುಗಳು ಈ ನುಣುಪು ಟಾರಿನ ಮೇಲೆ ಕಾರನ್ನು ಹೆಚ್ಚು ವಾಲಗೊಡದೆ ಹಿಡಿದಿದ್ದವು. ಸುತ್ತು ಮುಗಿಸಿ ನಿಂತಾಗ ನಾಲ್ಕೂ ಚಕ್ರಗಳಿಂದ ಬ್ರೇಕು ಸುಟ್ಟ ವಾಸನೆ. ಅತ್ತೆ ಸ್ಟೀರಿಂಗಿನ ಮೇಲಿಂದ ಕೈ ತೆಗೆಯದೆ ನಗುತ್ತಿದ್ದರು.

ಅಲ್ಲಿಂದ ಇಬ್ಬರಿಗೂ ಒಂದು ಹುಚ್ಚು ಹಿಡಿಯಿತು. ಒಂದೇ ಕಾರು ರಸ್ತೆಯಲ್ಲೇನು, ಟ್ರ್ಯಾಕಿನಲ್ಲೇನು ಎಂದು ಪರೀಕ್ಷೆ ಮಾಡುವ ಹುಚ್ಚು. ಸೆಲ್ವಂ ಹೇಳಿಕೊಟ್ಟ ಹಾಗೆ ಟೈರಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆವು. ಭದ್ರಾವತಿಗೆ ಹೋಗಿ ಬಂದರೆ ಗೆರೆ ಹಾಗೇ ಇರುತ್ತಿತ್ತು. ಬಡಾವಣೆಯಲ್ಲಿ ನಾಲ್ಕಾರು ಸುತ್ತು ಹೊಡೆದರೆ ಅರ್ಧ ಅಳಿಸಿರುತ್ತಿತ್ತು. ಟೈರು ಅಷ್ಟು ಮಗ್ಗುಲಾಗಿ ನೆಲಕ್ಕೆ ಒರಗಿದೆ ಎಂದರ್ಥ. ರಸ್ತೆಯಿಂದ ಬಂದ ಟೈರು ಮುಟ್ಟಿದರೆ ಉಗುರುಬೆಚ್ಚಗೆ. ಟ್ರ್ಯಾಕಿನಿಂದ ಬಂದದ್ದನ್ನು ಮುಟ್ಟಿದರೆ ಒಲೆಯಿಂದ ಇಳಿಸಿದ ಹಂಚು, ರಬ್ಬರು ಬೆರಳಿಗೆ ಅಂಟುತ್ತಿತ್ತು. ಅಂಟಿಕೊಂಡಷ್ಟೂ ಹಿಡಿತ. ಅಂದರೆ ಈ ಕಾರಿನ ನಿಜವಾದ ಹಿಡಿತಕ್ಕೆ ರಸ್ತೆಯಲ್ಲಿ ಎಚ್ಚರವೇ ಆಗುವುದಿಲ್ಲ.

"ಹಾಗಾದ್ರೆ ರಸ್ತೇಲಿ ನಾವು ಓಡಿಸೋದು ನಿದ್ದೆ ಮಾಡ್ತಿರೋ ಕಾರನ್ನ" ಎಂದೆ.

"ಹೌದು. ನಿದ್ದೆಯಿಂದ ಏಳಿಸೋದು ಹೇಗೆ ಅಂತ ನೋಡ್ಬೇಕು" ಎಂದರು ಅತ್ತೆ.

ಅಲ್ಲೇ ಎಡವಟ್ಟಾಗಿದ್ದು. ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ಗಡಿಯಾರ ಹಿಡಿದು ಸ್ಪರ್ಧೆ ಇಡುವುದೆಂದು ಗೆಳೆಯರೆಲ್ಲ ಗೊತ್ತುಮಾಡಿದರು. ಅತ್ತೆ ಸೆಲ್ವಂ ಗ್ಯಾರೇಜಿನಲ್ಲಿ ಕಾರನ್ನು ಅದಕ್ಕೆ ಅಣಿ ಮಾಡಿಸಿದರು. ಸ್ಪ್ರಿಂಗು ಇನ್ನೂ ಬಿಗಿ. ಗೆರೆಗಳೇ ಹೆಚ್ಚಿಲ್ಲದ ಮೆತ್ತನೆಯ ಟೈರು. ಬ್ರೇಕಿಗೆ ಸ್ಪರ್ಧೆಯ ಪ್ಯಾಡು. ಅದು ಎಷ್ಟು ಕಾದರೂ ಸೋಲುವುದಿಲ್ಲ, ಆದರೆ ಬಿಸಿಯಾಗುವವರೆಗೆ ಹಿಡಿಯುವುದೂ ಇಲ್ಲ. ಸೆಲ್ವಂ ಅದನ್ನು ಹೇಳಿಯೇ ಹಾಕಿದ್ದರು. ಅತ್ತೆಗೂ ಗೊತ್ತಿತ್ತು. ಬಡಾವಣೆಯಲ್ಲಿ ಕಾರು ಹಾರಿತು. ಅತ್ತೆ ಎಷ್ಟು ಚೆನ್ನಾಗಿ ಓಡಿಸತೊಡಗಿದರೆಂದರೆ ಹೊಂಗೆ ಮರದ ಕೆಳಗೆ ಕೂತವರು ಎದ್ದು ನಿಂತು ನೋಡುತ್ತಿದ್ದರು. ಸಂಜೆ ಮನೆಯಲ್ಲಿ ಕಣ್ಣು ಮುಚ್ಚಿ ಕೂತು, ಎರಡೂ ಕೈಯಲ್ಲಿ ಊಟದ ತಟ್ಟೆ ಹಿಡಿದು, ಒಂದೊಂದೇ ತಿರುವನ್ನು ತಿರುಗಿಸಿ ಅಭ್ಯಾಸ ಮಾಡುತ್ತಿದ್ದರು.

ಸ್ಪರ್ಧೆಗೆ ಇನ್ನು ಕೆಲವೇ ದಿನ ಇರುವಾಗ ಒಂದು ಮಧ್ಯಾಹ್ನ ಭದ್ರಾವತಿಯಿಂದ ಫೋನು ಬಂತು. ಹೆರಿಗೆಗೆ ಬಂದವಳಿಗೆ ಕಷ್ಟವಾಗಿದೆ, ಮಗುವಿನ ಎದೆಬಡಿತ ಇಳಿಯುತ್ತಿದೆ, ಆಪರೇಷನ್ ಮಾಡಬೇಕು, ಬೇಗ ಬನ್ನಿ ಎಂದು. ಬಿಳಿ ಕಾರನ್ನು ಅಪ್ಪ ದಾವಣಗೆರೆಯ ಮದುವೆಗೆ ಒಯ್ದಿದ್ದರು. ಆಟೋ, ಬಸ್ಸು ಎಂದು ನೋಡುವ ಹೊತ್ತಲ್ಲ. ಅತ್ತೆ ಅರಿಶಿನ ಕಾರಿನ ಕೀಲಿ ತೆಗೆದುಕೊಂಡರು. ನಾನೂ ಹತ್ತಿದೆ.

ಊರು ದಾಟುವ ಹೊತ್ತಿಗೆ ಮೊದಲ ಮಳೆ ಹಿಡಿಯಿತು. ಬೇಸಿಗೆಯ ಧೂಳು, ಲಾರಿಗಳ ಎಣ್ಣೆ, ಅದರ ಮೇಲೆ ತೆಳುವಾಗಿ ನೀರು. ರಸ್ತೆ ಕನ್ನಡಿಯ ಹಾಗಿತ್ತು. ಅತ್ತೆಯ ಮುಖ ನೋಡಿದೆ. ಭಾನುವಾರದ ಮುಖ ಅದು. ದೃಷ್ಟಿ ಎಲ್ಲೋ ದೂರ, ಮುಂದಿನ ತಿರುವಿನಲ್ಲಿ.

ಬಲಕ್ಕೆ ತಿರುಗುವ ಒಂದು ಕಡೆ ಬಂತು. ಅತ್ತೆ ಕಾರನ್ನು ರಸ್ತೆಯ ಎಡಗಡೆಯ ಅಂಚಿಗೆ ಒಯ್ದು ಅಲ್ಲಿಂದ ಸಲೀಸಾಗಿ ಬಲಗಡೆಯ ಒಳ ಅಂಚಿಗೆ ಎಳೆದುಕೊಂಡರು. ಬಡಾವಣೆಯಲ್ಲಿ ನೂರಾರು ಸಲ ಮಾಡಿದ್ದು ಅದನ್ನೇ. ರಸ್ತೆಯ ಅಷ್ಟೂ ಅಗಲ ಬಳಸಿಕೊಂಡರೆ ತಿರುವು ನೇರವಾಗುತ್ತದೆ. ತಿರುವಿನ ಆ ಕಡೆಯಿಂದ, ನಾವಿದ್ದ ಅದೇ ಜಾಗಕ್ಕೆ, ಜನ ತುಂಬಿದ ಒಂದು ಟೆಂಪೊ ಬಂತು.

ಅತ್ತೆ ಬ್ರೇಕು ಒತ್ತಿದರು. ಏನೂ ಆಗಲಿಲ್ಲ. ತಣ್ಣಗೆ ಒದ್ದೆಯಾಗಿದ್ದ ಪ್ಯಾಡು ಒಂದು ಕ್ಷಣ ಸುಮ್ಮನೆ ಜಾರಿ, ಆಮೇಲೆ ಒಮ್ಮೆಲೇ ಕಚ್ಚಿತು. ಹಿಂದಿನ ಚಕ್ರಗಳು ನೆಲ ಬಿಟ್ಟ ಹಾಗಾಗಿ ಕಾರು ಗಿರ‍್ರನೆ ತಿರುಗಿತು. ಟೆಂಪೊದ ಪಕ್ಕೆ, ಮರ, ಆಕಾಶ, ಮತ್ತೆ ಮರ. ರಸ್ತೆ ಪಕ್ಕದ ಕೆಸರಿನಲ್ಲಿ, ಶಿವಮೊಗ್ಗದ ಕಡೆಗೆ ಮುಖ ಮಾಡಿ ನಿಂತಿದ್ದೆವು. ಯಾರಿಗೂ ಯಾವುದೂ ತಗುಲಿರಲಿಲ್ಲ. ಮಳೆಯ ಸದ್ದು ಮಾತ್ರ.

ಟೆಂಪೊದವನು ಇಳಿದು ಬಂದ. ಬೈಯಲು ಬಂದವನು ಒಳಗೆ ಇಬ್ಬರು ಹೆಂಗಸರನ್ನು ನೋಡಿ ದನಿ ಇಳಿಸಿದ.

"ಏನಮ್ಮಾ, ಇಡೀ ರೋಡು ನಿಮ್ದೇನಾ?"

"ಅಲ್ಲಪ್ಪ" ಎಂದರು ಅತ್ತೆ. "ನಂದಲ್ಲ. ತಪ್ಪಾಯ್ತು. ನಾನು ಡಾಕ್ಟ್ರು, ಭದ್ರಾವತೀಲಿ ಒಂದು ಜೀವ ಕಾಯ್ತಾ ಇದೆ. ಸ್ವಲ್ಪ ತಳ್ಳಿಕೊಡ್ತೀರಾ?"

ಟೆಂಪೊದ ಜನರೆಲ್ಲ ಇಳಿದು, ಪಂಚೆ ಎತ್ತಿ ಕಟ್ಟಿ, ಕಾರನ್ನು ಕೆಸರಿನಿಂದ ಎತ್ತಿಯೇ ರಸ್ತೆಗೆ ಇಟ್ಟರು ಎನ್ನಬೇಕು. ಅತ್ತೆ ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡರು.

"ನೀನು ಓಡಿಸು ಶೈಲಾ" ಎಂದರು. "ಈ ಕೈಗೆ ಇನ್ನರ್ಧ ಗಂಟೇಲಿ ಬೇರೆ ಕೆಲಸ ಇದೆ."

ನಾನು ಬಿಳಿ ಕಾರಿನಲ್ಲಿ ಓಡಿಸಲು ಕಲಿತವಳು. ಈ ಕಾರಿನ ಬಲಗಡೆಯ ಸೀಟಿನಲ್ಲಿ ಕೂತಿದ್ದೇ ಅದು ಮೊದಲು. ಭಯವಿತ್ತು, ಆದರೆ ತಲೆಯ ಒಂದು ಮೂಲೆ ಆಶ್ಚರ್ಯ ಎನ್ನುವಷ್ಟು ತಣ್ಣಗಿತ್ತು. ಪ್ಯಾಡು ತಣ್ಣಗಿದ್ದರೆ ಹಿಡಿಯುವುದಿಲ್ಲ. ಹಾಗಾದರೆ ಅದನ್ನು ತಣ್ಣಗಾಗಲು ಬಿಡಬಾರದು. ನೇರ ರಸ್ತೆ ಸಿಕ್ಕಾಗಲೆಲ್ಲ ಬ್ರೇಕನ್ನು ಪಾದದಿಂದ ಮೆಲ್ಲಗೆ ಸವರುತ್ತಾ ಹೋದೆ. ನೀರು ಆವಿಯಾಗಿ ಪ್ಯಾಡು ಬೆಚ್ಚಗಾಗುವುದು ಪಾದಕ್ಕೆ ತಿಳಿಯುತ್ತಿತ್ತು. ತಿರುವಿಗೆ ಬಹಳ ಮುಂಚೆಯೇ ವೇಗ ಇಳಿಸಿದೆ. ನನ್ನ ಅರ್ಧ ರಸ್ತೆಯೊಳಗೇ ಇದ್ದೆ. ಒಂದು ಎತ್ತಿನ ಗಾಡಿ, ಕೊಡೆ ಹಿಡಿದು ಸೈಕಲ್ಲು ತುಳಿಯುತ್ತಿದ್ದ ಒಬ್ಬ ಮೇಷ್ಟ್ರು, ರಸ್ತೆ ದಾಟುವುದೋ ಬೇಡವೋ ಎಂದು ಯೋಚಿಸುತ್ತಿದ್ದ ಒಂದು ಎಮ್ಮೆ, ಎಲ್ಲರಿಗೂ ಜಾಗ ಬಿಟ್ಟೆ. ಅತ್ತೆ ತೊಡೆಯ ಮೇಲೆ ಕೈ ಇಟ್ಟು ನಿಧಾನಕ್ಕೆ ಉಸಿರಾಡುತ್ತಿದ್ದರು.

ನರ್ಸಿಂಗ್ ಹೋಮಿನ ಮುಂದೆ ಕಾರು ನಿಲ್ಲುತ್ತಲೇ ಇಳಿದು, ಸೀರೆಯ ಕೆಸರನ್ನೂ ನೋಡದೆ ಒಳಗೆ ನಡೆದರು.

ನಾನು ಹೊರಗಿನ ಬೆಂಚಿನಲ್ಲಿ ಒಳಗಿದ್ದ ಹೆಂಗಸಿನ ಗಂಡನ ತಾಯಿಯ ಪಕ್ಕ ಕೂತೆ. ಆಕೆ ತೆಲುಗಿನಲ್ಲಿ ಏನೋ ಜಪಿಸುತ್ತಿದ್ದರು, ನಡುನಡುವೆ ನನ್ನ ಕೈ ಹಿಡಿದುಕೊಳ್ಳುತ್ತಿದ್ದರು. ಕೆಸರಿನಲ್ಲಿ ಕಳೆದ ಹೊತ್ತು ಎಷ್ಟಿರಬಹುದು ಎಂದು ನಾನು ಲೆಕ್ಕ ಹಾಕಲು ಹೋಗಿ, ಹೆದರಿ ಬಿಟ್ಟೆ. ಕೊನೆಗೆ ಒಳಗಿನಿಂದ ಅಳು ಕೇಳಿತು. ಸಣ್ಣಗೆ, ಕೋಪದಲ್ಲಿದ್ದ ಹಾಗೆ. ಹೆಣ್ಣುಮಗು. ತಾಯಿಯೂ ಚೆನ್ನಾಗಿದ್ದಳು.

ಅತ್ತೆ ಹೊರಗೆ ಬಂದು, ಬೆಂಚಿನಲ್ಲಿ ಕೂತು, ನರ್ಸು ತಂದ ಟೀ ಕುಡಿದರು. ಆಮೇಲೆ, "ಎಷ್ಟು ಸ್ಪೀಡಲ್ಲಿ ಬಂದೆ?" ಎಂದು ಕೇಳಿದರು.

"ನಲವತ್ತು ದಾಟ್ಲಿಲ್ಲ ಅತ್ತೆ."

"ಸಾಕಾಯ್ತು ನೋಡು" ಎಂದರು. ಅವರ ಕಣ್ಣು ತುಂಬಿಕೊಂಡಿದ್ದನ್ನು ನಾನು ನೋಡಿದ್ದು ಆವತ್ತು ಮಾತ್ರ.

ಮಾರನೆಯ ದಿನ ಇಬ್ಬರೂ ಸೆಲ್ವಂ ಗ್ಯಾರೇಜಿಗೆ ಹೋದೆವು. ಎಲ್ಲವನ್ನೂ ಬಿಚ್ಚಿ ಹಳೆಯ ಸ್ಪ್ರಿಂಗು, ಹಳೆಯ ಪ್ಯಾಡು, ಗೆರೆ ಇರುವ ಟೈರು ಹಾಕಿಕೊಡಿ ಎಂದರು ಅತ್ತೆ. ಸೆಲ್ವಂ ಮುಖ ಚಿಕ್ಕದು ಮಾಡಿಕೊಂಡರು.

"ಸ್ಪರ್ಧೆ ಇಟ್ಕೊಂಡು ಹಿಂಗಂದ್ರೆ ಹೆಂಗಮ್ಮ? ಈ ಸಲ ಗೆಲ್ಲೋರು ನೀವೇ. ಕಾರು ರೋಡಿಗೆ ಇಳೀಲೇಬಾರ್ದು ಅಂದ್ರೆ ನಾನು ಲಾರಿ ಮೇಲೆ ಹಾಕ್ಕೊಂಡು ಟ್ರ್ಯಾಕಿಗೆ ತರಿಸ್ತೀನಿ."

"ಕಾರನ್ನ ಲಾರಿ ಮೇಲೆ ತರ್ಬಹುದು ಸೆಲ್ವಂ" ಎಂದರು ಅತ್ತೆ. "ನನ್ನನ್ನ ಯಾವುದ್ರ ಮೇಲೆ ತರ್ತೀರಿ? ನಿನ್ನೆ ಪ್ಯಾಡು ಹಿಡೀಲಿಲ್ಲ, ಸರಿ. ಆದ್ರೆ ಎದುರಿಂದ ಬರೋರ ಕಡೆಗೆ ಹೋಗಿದ್ದು ಪ್ಯಾಡಲ್ಲ, ನಾನು."

ಮಾತಿನ ಮಲ್ಲ ಸೆಲ್ವಂ ಪಾನಾ ಕೈಗೆತ್ತಿಕೊಂಡು ಚಕ್ರದ ನಟ್ಟು ಬಿಚ್ಚತೊಡಗಿದರು.

ಹಾಗೆಂದು ಅತ್ತೆ ಟ್ರ್ಯಾಕು ಬಿಡಲಿಲ್ಲ. ಬಿಟ್ಟರು ಎಂದು ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದರು, ಅದು ಬೇರೆ ವಿಷಯ. ಮಳೆ ಬಿಡುವು ಕೊಟ್ಟ ಒಂದು ಭಾನುವಾರ ಸ್ಪರ್ಧೆ ನಡೆಯಿತು. ಹಳೆಯ ಸ್ಪ್ರಿಂಗಿನಲ್ಲಿ ಕಾರು ತಿರುವಿನಲ್ಲಿ ಮತ್ತೆ ಸ್ವಲ್ಪ ವಾಲುತ್ತಿತ್ತು, ಟೈರು ಕುಂಯ್‌ಗುಟ್ಟುತ್ತಿತ್ತು. ಅತ್ತೆ ಮೊದಲ ಮೂರರಲ್ಲಿ ಬರಲಿಲ್ಲ. ಅದರಿಂದ ಅವರಿಗೆ ಬೇಸರವಾದ ಹಾಗೂ ಕಾಣಲಿಲ್ಲ. ಮೆತ್ತನೆಯ ಕಾರಿನಲ್ಲಿ ಭಾರ ಸರಿಯುವುದು ಇನ್ನೂ ಸ್ಪಷ್ಟವಾಗಿ ತಿಳಿಯುತ್ತದೆ, ಬಿಗಿ ಕಾರಿನಲ್ಲಿ ಅದು ಬಚ್ಚಿಟ್ಟುಕೊಳ್ಳುತ್ತದೆ ಎಂದು ನನಗೆ ಕೈಯಾಡಿಸಿ ವಿವರಿಸಿದರು. ಆಮೇಲೆ ಕೀಲಿಯನ್ನು ನನ್ನ ಅಂಗೈಗೆ ಹಾಕಿದರು.

"ಹೋಗು ಮಾರಾಯ್ತಿ. ಇಲ್ಲಿ ಎದುರಿಗೆ ಯಾರೂ ಬರಲ್ಲ."

ಅವರೇ ಎಡಗಡೆ ಕೂತರು. ಮೊದಲ ಸುತ್ತಿನಲ್ಲಿ ನನ್ನ ಕಾಲು ಮಾತು ಕೇಳಲಿಲ್ಲ. ಬಲ ತಿರುವು ಬಂದಾಗ ರಸ್ತೆಯ ಬಲ ಅರ್ಧಕ್ಕೆ ಹೋಗಲು ಕೈ ಒಪ್ಪಲಿಲ್ಲ. ಅತ್ತೆ ಅವಸರ ಮಾಡಲಿಲ್ಲ. ಎರಡನೆಯ ಸುತ್ತಿನಲ್ಲಿ ಸ್ವಲ್ಪ, ಆಮೇಲಿನದರಲ್ಲಿ ಇನ್ನೂ ಸ್ವಲ್ಪ. ಒಂದು ಸುತ್ತಿನಲ್ಲಿ ಎಲ್ಲವೂ ಹೊಂದಿಕೊಂಡಿತು. ಬ್ರೇಕು ಬಿಟ್ಟೆ, ತಿರುಗಿಸಿದೆ, ಭಾರ ಪಕ್ಕೆಗೆ ಬಂದು ಕೂತಿತು, ಟೈರಿನ ಹಿಡಿತ ಮುಗಿಯುವ ಅಂಚು ಎಲ್ಲಿದೆ ಎಂದು ಅಂಗೈಗೆ ಕಂಡಿತು. ಅಷ್ಟು ಸ್ಪಷ್ಟವಾಗಿ ನಾನು ಯಾವ ಪಾಠವನ್ನೂ ಕಲಿತಿಲ್ಲ, ಆಮೇಲೆ ಕಾಲೇಜಿನಲ್ಲಿ ಪಾಠ ಮಾಡುತ್ತಾ ಕಲಿಸಿಯೂ ಇಲ್ಲ.

ಮನೆಗೆ ಹೊರಟು ಬಡಾವಣೆಯ ದಾರಿ ಹೆದ್ದಾರಿ ಸೇರುವಲ್ಲಿಗೆ ಬಂದಾಗ ಅತ್ತೆ ನಿಲ್ಲಿಸಲು ಹೇಳಿದರು. ಅಲ್ಲಿ ಹೆದ್ದಾರಿಯ ಅಂಚಿಗೆ ಒಂದು ಟೀ ಗೂಡಂಗಡಿ ಇತ್ತು. ನಾನು ಎಂಜಿನ್ ಆರಿಸಿದೆ. ಅವರು ಇಳಿದು, ಎರಡು ಟೀ ಹೇಳಿದರು. ನನಗೆ ಟೀ ಬೇಕಿರಲಿಲ್ಲ.

"ಬೇಡ ಅತ್ತೆ. ಹೊತ್ತಾಯ್ತು, ಹೋಗೋಣ."

"ಕೂತ್ಕೋ. ನಿನ್ನ ಕಣ್ಣು ಇನ್ನೂ ಟ್ರ್ಯಾಕಿನೊಳಗೇ ಇದೆ."

ಕೂತೆ. ಹೆದ್ದಾರಿ ನಮ್ಮ ಮುಂದೆ ಹರಿಯುತ್ತಿತ್ತು. ಗ್ಯಾಸ್ ಸಿಲಿಂಡರು ಕಟ್ಟಿಕೊಂಡ ಒಂದು ಮೊಪೆಡ್ಡು ಹೋಯಿತು. ಹಸಿ ಹುಲ್ಲಿನ ಹೊರೆಯ ಕೆಳಗೆ ಕಾಣದೇ ಹೋದ ಸೈಕಲ್ಲು. ಒಂದು ಬಸ್ಸು ನಿಂತಿತು, ಮಗುವನ್ನೆತ್ತಿಕೊಂಡ ಒಬ್ಬಳು ಇಳಿದು, ಎರಡೂ ಕಡೆ ನೋಡದೆ ನೇರ ದಾಟಿದಳು. ಬಸ್ಸಿನವನು ತಾಳ್ಮೆಯಿಂದ ಕಾದ. ಮೊದಮೊದಲು ಇದೆಲ್ಲ ಬಹಳ ನಿಧಾನ ಎನಿಸುತ್ತಿತ್ತು, ನೀರೊಳಗೆ ನಡೆಯುತ್ತಿರುವ ಜನರ ಹಾಗೆ. ನೋಡುತ್ತಾ ನೋಡುತ್ತಾ ನನ್ನ ಕಣ್ಣಿಗೆ ಅವರ ನಿಜವಾದ ವೇಗ ಮರಳಿ ಬಂತು.

ಅತ್ತೆ ನನ್ನ ಮುಖ ನೋಡಿ ಲೋಟ ಕೆಳಗಿಟ್ಟರು.

"ಈಗ ಹೋಗೋಣ" ಎಂದರು.